ಇಂದಿನ ಧಮ್ಮ ಚಿಂತನೆ: ಆಲದ ಮರಕ್ಕಿಂತ ಹಿರಿಯ ಹಕ್ಕಿ



ಇಂದು ತಿತ್ತಿರ ಜಾತಕ. ಜಾತಕವೆಂದರೆ ಪುನರ್ಜನ್ಮದ ಕಥೆ, ನಮಗೇಕೆ ಎಂದು ಬಳಗದಲ್ಲಿ ಕೆಲವರು ಕೇಳುತ್ತೀರಿ. ಇದೇ ಕಥೆ ವಿನಯಪಿಟಕದ ಚುಲ್ಲವಗ್ಗದಲ್ಲೂ ಇದೆ, ಅಲ್ಲಿಂದಲೇ ಓದೋಣ.

ಒಳ್ಳೆಯ ಆಸನ, ಮೊದಲ ನೀರು, ಮೊದಲ ಅನ್ನ ಯಾರಿಗೆ ಸಲ್ಲಬೇಕು ಎಂದು ಬುದ್ಧರು ಭಿಕ್ಖುಗಳನ್ನು ಕೇಳುತ್ತಾರೆ. ಕ್ಷತ್ರಿಯ ಕುಲದಿಂದ ಬಂದವನಿಗೆ ಎನ್ನುತ್ತಾರೆ ಕೆಲವರು, ಬ್ರಾಹ್ಮಣ ಕುಲದವನಿಗೆ ಎನ್ನುತ್ತಾರೆ ಇನ್ನು ಕೆಲವರು. ಸಂಘ ಸೇರಿದ ಮೇಲೂ ತಲೆಯಿಂದ ಕುಲ ಇಳಿದಿರಲಿಲ್ಲ ನೋಡಿ! ಆಗ ಬುದ್ಧರು ಈ ಕಥೆ ಹೇಳಿದರು.

ಹಿಮಾಲಯದ ಬುಡದಲ್ಲಿ ಒಂದು ದೊಡ್ಡ ಆಲದ ಮರ. ಅದರ ಆಸರೆಯಲ್ಲಿ ಆನೆ, ಕೋತಿ, ಗೌಜಲ ಹಕ್ಕಿ. ನಮ್ಮಲ್ಲಿ ಹಿರಿಯರು ಯಾರೋ ಅವರನ್ನು ಗೌರವಿಸೋಣ ಎಂದು ಮಾತಾಯಿತು. ನಾನು ಮರಿಯಾಗಿದ್ದಾಗ ಈ ಮರದ ತುದಿ ನನ್ನ ಹೊಟ್ಟೆಗೆ ತಾಗುತ್ತಿತ್ತು ಎಂದಿತು ಆನೆ. ನಾನು ನೆಲದಲ್ಲಿ ಕೂತೇ ಇದರ ತುದಿಚಿಗುರು ತಿಂದಿದ್ದೆ ಎಂದಿತು ಕೋತಿ. ಹಕ್ಕಿ ಹೇಳಿತು: ಬೇರೊಂದು ಆಲದ ಹಣ್ಣು ತಿಂದು ನಾನು ಇಲ್ಲಿ ಹಿಕ್ಕೆ ಹಾಕಿದೆ, ಅದರಿಂದ ಹುಟ್ಟಿದ್ದೇ ಈ ಮರ. ಅಲ್ಲಿಗೆ ತೀರ್ಮಾನವಾಯಿತು. ಆನೆಯೂ ಕೋತಿಯೂ ಆ ಪುಟ್ಟ ಹಕ್ಕಿಯಿಂದ ಪಂಚಶೀಲ ಸ್ವೀಕರಿಸಿದವು. ಸಂಘದಲ್ಲೂ ಹುಟ್ಟಿನಿಂದಲ್ಲ, ಸಂಘ ಸೇರಿದ ಕಾಲದಿಂದ ಹಿರಿತನ ಎಂದಾಯಿತು.

ಕಾಡಿನ ಲೆಕ್ಕದಲ್ಲೂ ಹಕ್ಕಿಯ ಮಾತು ಸುಳ್ಳಲ್ಲ. ತಾಯಿಮರದ ಬುಡದಲ್ಲೇ ಬಿದ್ದ ಬೀಜ ಹೆಚ್ಚಾಗಿ ನೆರಳಲ್ಲಿ ಸೊರಗುತ್ತದೆ. ಯಾರಾದರೂ ದೂರ ಒಯ್ಯಬೇಕು. ಆಲ, ಅರಳಿ, ಅತ್ತಿಯ ಸಣ್ಣ ಬೀಜಗಳು ಹಣ್ಣಿನೊಂದಿಗೆ ಹೊಟ್ಟೆ ಸೇರಿ, ಕೆಡದೆ ಹೊರಬರುತ್ತವೆ. ಗೋಡೆಯ ಬಿರುಕಿನಲ್ಲಿ ಅರಳಿ ಸಸಿಯನ್ನು ಯಾರು ನೆಟ್ಟರು ಹೇಳಿ? ಗೌಜಲ ಮಾತ್ರ ಕಾಳು ತಿನ್ನುವ ಹಕ್ಕಿ, ಬಹಳಷ್ಟು ಬೀಜ ಅದರ ಹೊಟ್ಟೆಯಲ್ಲೇ ಅರೆದುಹೋಗುತ್ತದೆ. ಈ ಕೆಲಸವನ್ನು ಹೆಚ್ಚು ಮಾಡುವುದು ಗೊರವಂಕ, ಕುಟ್ರುಹಕ್ಕಿ, ಬಾವಲಿ. ನಮ್ಮ ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ದಪ್ಪ ಬೀಜಗಳನ್ನೂ ನುಂಗಿ, ದೂರ ಹಾರಿ ಕಕ್ಕುತ್ತದೆ. ಕಥೆಯ ಉಳಿದಿಬ್ಬರೂ ಬಿತ್ತುವವರೇ: ಆನೆ ಲದ್ದಿಯಲ್ಲಿ, ಕೋತಿ ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ಉಗುಳುವುದರಲ್ಲಿ.

ನಮ್ಮೂರ ಅರಳಿಕಟ್ಟೆಯ ಮೇಲೆ ನನ್ನ ತಂದೆ ಕೂರುವಂತಿರಲಿಲ್ಲ, ಕಟ್ಟೆ ಮೈಲಿಗೆಯಾಗುತ್ತದಂತೆ. ಅದೇ ಮರದ ಕೊಂಬೆಯಿಂದ ಗೊರವಂಕಗಳು ಹಿಕ್ಕೆ ಹಾಕುತ್ತಲೇ ಇದ್ದವು. ಕಥೆಯ ಹಕ್ಕಿ ತನ್ನ ಹಿಕ್ಕೆಯ ಸಂಗತಿಯನ್ನು ಮುಚ್ಚಿಡಲಿಲ್ಲ, ಸಾಕ್ಷಿಯಾಗಿ ಅದನ್ನೇ ಮುಂದಿಟ್ಟಿತು.

ಭಾನುವಾರದ ಓದಿಗೆ ಚುಲ್ಲವಗ್ಗದ ಆರನೆಯ ಖಂಧಕ ಹಿಡಿದು ಬನ್ನಿ. ಮಕ್ಕಳನ್ನೂ ಕರೆತನ್ನಿ.