ಭೂದಳವೋ, ನೌಕಾದಳವೋ, ವಿಮಾನದಳವೋ?

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಸೈನ್ಯದ ಉದ್ಯೋಗಕ್ಕೂ ಸಲ್ಲುತ್ತದೆ. ನಮ್ಮ ವಸಂತನರಸಾಪುರದ ಸುತ್ತಿನ ಹಳ್ಳಿಗಳಲ್ಲಿ ಪಿ.ಯು.ಸಿ. ಮುಗಿಸಿದ ತರುಣರಲ್ಲಿ ಕೆಲವರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳತ್ತ ನಡೆದರೆ, ಕೆಲವರು ಸೈನ್ಯದ ಕನಸು ಕಾಣುತ್ತಾರೆ. ಯಾವ ದಳವೆಂದು ಕೇಳಿದರೆ, ಒಬ್ಬನಿಗೆ ಬಿಳಿಯ ಉಡುಪು ಚೆಂದ. ಇನ್ನೊಬ್ಬನಿಗೆ ವಿಮಾನದ ಮೋಹ. ಉಡುಪಿಗಿಂತ ಮೊದಲು ಕೆಲಸವನ್ನೂ, ನಾವು ಓದಿದ ವಿಷಯಗಳನ್ನೂ ನೋಡಬೇಕೆಂಬುದೇ ನನ್ನ ಅಭಿಪ್ರಾಯ.

ಮೊದಲು ಕೆಲಸದ ಮಾತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ಹಾರಿಸಬೇಕಾದರೆ ವಿಮಾನದಳವನ್ನೇ ಸೇರಬೇಕೆಂದು ಭಾವಿಸುವವರುಂಟು. ಇದು ಸರಿಯಲ್ಲ. ಭೂದಳಕ್ಕೆ 1986ರಿಂದ ತನ್ನದೇ ವೈಮಾನಿಕ ಶಾಖೆಯಿದೆ. ನೌಕಾದಳವೂ ಕೊಚ್ಚಿಯಲ್ಲಿ 1953ರಲ್ಲಿ ಗರುಡ ಎಂಬ ವಿಮಾನ ನೆಲೆಯನ್ನು ಸ್ಥಾಪಿಸಿತು. ಹಾಗೆಯೇ ವಿಮಾನದಳದಲ್ಲಿರುವವರೆಲ್ಲರೂ ವಿಮಾನ ಹಾರಿಸುವವರಲ್ಲ. ಯಂತ್ರ ದುರಸ್ತಿ, ಸಂಪರ್ಕ, ಲೆಕ್ಕಪತ್ರ, ಆಡಳಿತ ಇವೆಲ್ಲವೂ ಅಲ್ಲಿವೆ. ಭೂದಳವೆಂದರೆ ಬಂದೂಕು ಮಾತ್ರವಲ್ಲ. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಸೇತುವೆ ಕಟ್ಟುತ್ತಾರೆ, ನೆಲದಲ್ಲಿ ಹುದುಗಿಸಿದ ಸಿಡಿಗುಂಡುಗಳನ್ನು ತೆಗೆಯುತ್ತಾರೆ. ನೌಕಾದಳದವರಿಗಾದರೋ ಹಡಗೇ ಮನೆ. ಮನೆಯವರನ್ನು ಬಿಟ್ಟು ಬಹುಕಾಲ ಕಡಲಿನ ಮೇಲೆ ಇರಬಲ್ಲೆನೇ ಎಂದು ಬಯಲುಸೀಮೆಯ ನಾವು ಮೊದಲೇ ಯೋಚಿಸಬೇಕು.

ಇನ್ನು ವಿಷಯಗಳ ಮಾತು. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಮೂರು ದಳಗಳ ಭಾವೀ ಅಧಿಕಾರಿಗಳೂ ಮೂರು ವರ್ಷ ಒಟ್ಟಿಗೆ ಕಲಿಯುತ್ತಾರೆ. 2022ರಿಂದ ನಮ್ಮ ಸೋದರಿಯರಿಗೂ ಅಲ್ಲಿ ಪ್ರವೇಶವುಂಟು. ವಯಸ್ಸು 16½ರಿಂದ 19½ರೊಳಗಿರಬೇಕು. ಭೂದಳಕ್ಕೆ ಪಿ.ಯು.ಸಿ.ಯಲ್ಲಿ ಯಾವ ವಿಷಯ ಓದಿದ್ದರೂ ಸಾಕು. ನೌಕಾದಳಕ್ಕೂ ವಿಮಾನದಳಕ್ಕೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಅಂದರೆ ಹತ್ತನೆಯ ತರಗತಿ ಮುಗಿಸಿ ವಿಷಯ ಆರಿಸಿಕೊಂಡ ದಿನವೇ, ನಮಗೆ ತಿಳಿಯದಂತೆ, ದಳವನ್ನೂ ಅರ್ಧ ಆರಿಸಿಬಿಟ್ಟಿರುತ್ತೇವೆ. ಈ ಮಾತನ್ನು ಹೈಸ್ಕೂಲಿನಲ್ಲಿ ಓದುತ್ತಿರುವ ನಮ್ಮ ತಮ್ಮ ತಂಗಿಯರಿಗೆ ಈಗಲೇ ತಿಳಿಸುವುದು ನಮ್ಮ ಕರ್ತವ್ಯ.

ಹಾಗೆಂದು ಕಲಾ ವಿದ್ಯಾರ್ಥಿಗಳು ನಿರಾಶರಾಗಬೇಕಾಗಿಲ್ಲ. ಪದವಿಯ ಬಳಿಕ ಸಂಯುಕ್ತ ರಕ್ಷಣಾ ಸೇವಾ ಪರೀಕ್ಷೆಯ ಮೂಲಕ ಡೆಹರಾಡೂನ್ ಅಥವಾ ಚೆನ್ನೈನ ಭೂದಳದ ಅಕಾಡೆಮಿಗೆ ಯಾವುದೇ ಪದವೀಧರನು ಪ್ರಯತ್ನಿಸಬಹುದು. ಶೇಕಡ 60 ಅಂಕ ಗಳಿಸಿದವರಿಗೆ ವಿಮಾನದಳದ ಆಡಳಿತ ಶಾಖೆಯ ಬಾಗಿಲೂ ತೆರೆದಿದೆ. ಎನ್.ಸಿ.ಸಿ.ಯ ‘ಸಿ’ ಪ್ರಮಾಣಪತ್ರದಲ್ಲಿ ‘ಬಿ’ ಶ್ರೇಣಿಯನ್ನಾದರೂ ಪಡೆದು, ಪದವಿಯಲ್ಲಿ ಶೇಕಡ 50 ಅಂಕ ಗಳಿಸಿದವರು ಭೂದಳದ ವಿಶೇಷ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಅವರಿಗೆ ಲಿಖಿತ ಪರೀಕ್ಷೆಯಿಲ್ಲ, ಆಯ್ಕೆ ಮಂಡಲಿಯ ಸಂದರ್ಶನವುಂಟು. ಕವಾಯತಿನ ದಿನದ ತಿಂಡಿಗಾಗಿ ಮಾತ್ರ ಎನ್.ಸಿ.ಸಿ. ಸೇರುವ ಗೆಳೆಯರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ!

ಸಾಮಾನ್ಯ ಸೈನಿಕನಾಗಿ ಸೇರುವವನ ಲೆಕ್ಕ ಬೇರೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ಸೇವೆ ನಾಲ್ಕು ವರ್ಷ. ಅನಂತರ ನಾಲ್ವರಲ್ಲಿ ಹೆಚ್ಚೆಂದರೆ ಒಬ್ಬನನ್ನು ಕಾಯಂ ಮಾಡಿಕೊಳ್ಳುವರೆಂದು ಯೋಜನೆಯಲ್ಲಿ ಹೇಳಿದೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ದೊರೆಯುತ್ತದೆ, ನಿವೃತ್ತಿ ವೇತನವಿಲ್ಲ. ಆದುದರಿಂದ ಊರಿಗೆ ಮರಳಿದ ಮೇಲೆ ಅನ್ನಕ್ಕೆ ದಾರಿಯಾಗುವ ಕಸುಬನ್ನು ಯಾವ ಶಾಖೆ ಕಲಿಸುವುದು ಎಂಬ ಪ್ರಶ್ನೆ ಇಲ್ಲಿ ಮುಖ್ಯ. ವಾಹನ, ವಿದ್ಯುತ್ತು, ಯಂತ್ರಗಳ ಕೆಲಸ ಬಲ್ಲವನಿಗೆ ನಮ್ಮ ಕಾರ್ಖಾನೆಗಳಲ್ಲಿ ಕೆಲಸ ಹುಡುಕುವುದು ಸುಲಭವಾದೀತು.

ಮೂರು ದಳಗಳಲ್ಲಿ ಮೇಲು ಕೀಳೆಂಬುದಿಲ್ಲ. ದೇಶಸೇವೆ ಎಲ್ಲದರಲ್ಲಿಯೂ ಒಂದೇ. ಆದರೆ ಸೇವೆ ಮಾಡುವ ದೇಹ, ಮನಸ್ಸು, ವಿದ್ಯೆ ಒಬ್ಬೊಬ್ಬರದು ಒಂದೊಂದು ಬಗೆ. ಆಯಾ ವರ್ಷದ ಪ್ರಕಟಣೆಯನ್ನು ಸ್ವತಃ ಓದಿ, ಊರಿನ ನಿವೃತ್ತ ಸೈನಿಕರನ್ನು ವಿಚಾರಿಸಿ, ತಂದೆತಾಯಿಗಳೊಡನೆ ಕುಳಿತು ಮಾತನಾಡಿ ತೀರ್ಮಾನಿಸುವುದು ಒಳಿತು.