ಸೊರಗುವ ಕೈ: ಡಾಕ್ಟರ್ ಗೌರೀದೇವಿಯವರ ಸಂಶೋಧನೆ

ತೂಬು ಮುಚ್ಚಿಹೋದರೆ ಮಣ್ಣು ಎಷ್ಟೇ ಫಲವತ್ತಾಗಿದ್ದರೂ ಪೈರು ಒಣಗುವುದೆಂಬುದನ್ನು ಆತಗೂರು ಹೋಬಳಿಯ ರೈತರಿಗೆ ನಾವು ಹೇಳಬೇಕಾದುದಿಲ್ಲ. ದೇಹದಲ್ಲಿಯೂ ಇಂತಹುದೇ ಒಂದು ಏರ್ಪಾಡುಂಟು. ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಇರುವ ಚಾಲಕ ನರಕೋಶಗಳು ಮಾಂಸಖಂಡಗಳಿಗೆ ಆಜ್ಞೆಯನ್ನು ಕಳುಹಿಸುವುವು. ಅವು ನಶಿಸಿದರೆ ಮಾಂಸಖಂಡವು ಸೊರಗುವುದು. ಇದನ್ನು ಚಾಲಕ ನರಕೋಶ ರೋಗವೆನ್ನುವರು. ಇದರ ಉಗ್ರರೂಪವನ್ನು ಫ್ರಾನ್ಸಿನ ವೈದ್ಯ ಷಾರ್ಕೋ 1869ರಲ್ಲಿ ವರ್ಣಿಸಿದನು. ಅದರಲ್ಲಿ ಕೈಕಾಲು, ನಾಲಗೆ, ಕಡೆಗೆ ಉಸಿರು, ಒಂದೊಂದಾಗಿ ಸೋಲುವುವು; ಅದನ್ನು ಗುಣಪಡಿಸುವ ಔಷಧವು ಇಂದಿಗೂ ಇಲ್ಲ.

ಆದರೆ ಸೊರಗಿದ ಕೈಯೆಲ್ಲವೂ ಈ ಉಗ್ರರೋಗದ ಗುರುತಲ್ಲ. ಇಪ್ಪತ್ತರ ಹರೆಯದ ಹುಡುಗನೊಬ್ಬನ ಕೈಯಲ್ಲಿ ಕುಡುಗೋಲಿನ ಹಿಡಿ ಸಡಿಲವಾಗುತ್ತದೆ, ಬೆರಳುಗಳ ನಡುವಣ ಮಾಂಸ ಕರಗುತ್ತದೆ ಎನ್ನೋಣ. ಮನೆಯವರು ಕುಷ್ಠವೆಂದು ಅಂಜಿ ಅವನನ್ನು ಮರೆಮಾಡುವುದುಂಟು. ತಂದೆತಾಯಿಗಳು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕುಷ್ಠದಲ್ಲಿ ಸ್ಪರ್ಶಜ್ಞಾನವು ಕುಂದುವುದು. ಚಾಲಕ ನರಕೋಶಗಳ ರೋಗದಲ್ಲಿ ಮುಟ್ಟಿದುದು ಚೆನ್ನಾಗಿ ತಿಳಿಯುವುದು. ಪೋಲಿಯೋ ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲಿ ಜ್ವರದೊಡನೆ ತಟ್ಟನೆ ಎರಗುವುದು. ಇದಾದರೋ ಜ್ವರವಿಲ್ಲದೆ, ನೋವಿಲ್ಲದೆ, ಮೆಲ್ಲಮೆಲ್ಲನೆ ಬರುವುದು. ಆದರೂ ನಿರ್ಣಯವು ವೈದ್ಯರದೇ, ಮನೆಯಲ್ಲಿ ಮಾಡತಕ್ಕುದಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ಗೌರೀದೇವಿಯವರು ಇಂತಹ ರೋಗಿಗಳನ್ನು ಶ್ರದ್ಧೆಯಿಂದ ಪರೀಕ್ಷಿಸಿದರು. ಜಪಾನಿನ ಹಿರಾಯಾಮ ಎಂಬ ವೈದ್ಯನು ತರುಣರ ಒಂದು ಕೈ ಮಾತ್ರ ಸೊರಗುವುದನ್ನು 1959ರಲ್ಲಿಯೇ ವರ್ಣಿಸಿದ್ದನು. ಗೌರೀದೇವಿಯವರು ಟಿ. ಜಿ. ಸುರೇಶ್ ಮತ್ತು ಎಸ್. ಕೆ. ಶಂಕರ್ ಅವರೊಡನೆ 1984ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಕೈಯಂತೆಯೇ ಒಂದು ಕಾಲೂ ಹೀಗೆ ಸೊರಗಬಹುದೆಂದು ತೋರಿಸಿ, ಅದಕ್ಕೆ ‘ಮಾನೋಮೆಲಿಕ್ ಅಮಯೋಟ್ರೊಫಿ’, ಅಂದರೆ ಒಂದೇ ಅವಯವದ ಸೊರಗು, ಎಂದು ಹೆಸರಿಟ್ಟರು. ಈ ವ್ಯಾಧಿಯು ಸಾಮಾನ್ಯವಾಗಿ ಕೆಲವು ವರ್ಷ ಬೆಳೆದು ನಿಂತುಹೋಗುವುದು, ಪ್ರಾಣಕ್ಕೆ ಎರವಾಗದು. ಹೆಸರಿಡುವುದು ಅಲ್ಪಕಾರ್ಯವೆಂದು ಕೆಲವರಿಗೆ ತೋರಬಹುದು, ನಮಗೆ ಹಾಗೆ ತೋರದು. ಒಬ್ಬ ತರುಣನಿಗೆ ಮೂರು ನಾಲ್ಕು ವರ್ಷದ ಆಯುಸ್ಸೆಂದು ಹೇಳುವುದಕ್ಕೂ, ಬಲಗೈ ಸೋತರೂ ನೀನು ಬಾಳಿ ಮುದುಕನಾಗುವೆ ಎಂದು ಹೇಳುವುದಕ್ಕೂ ಇರುವ ಅಂತರವು ಆ ಹೆಸರಿನಲ್ಲಿಯೇ ಅಡಗಿದೆ.

ಗೌರೀದೇವಿಯವರು ತರುವಾಯ ಆ ಸಂಸ್ಥೆಯ ನಿರ್ದೇಶಕರೂ ಕುಲಪತಿಗಳೂ ಆದರು. ಬರುವ ರೋಗಿಗಳನ್ನು ನೋಡುವುದರಲ್ಲಿಯೇ ಅವರು ತೃಪ್ತರಾಗಲಿಲ್ಲ. ಅವರೂ ಸಹೋದ್ಯೋಗಿಗಳೂ ಬೆಂಗಳೂರು ನಗರದಲ್ಲಿಯೂ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ 1,02,557 ಜನರ ವಿವರವನ್ನು ಸಂಗ್ರಹಿಸಿದರು. ನರಸಂಬಂಧವಾದ ಕಾಯಿಲೆಗಳು ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಸುಮಾರು ಇಮ್ಮಡಿಯಾಗಿದ್ದುವೆಂದು 2004ರಲ್ಲಿ ಪ್ರಕಟವಾಯಿತು. ಅದೇ ಸಂಸ್ಥೆಯ ಡಾಕ್ಟರ್ ನಳಿನಿಯವರೂ ಸಂಗಡಿಗರೂ 30 ವರ್ಷಗಳಲ್ಲಿ ಕಂಡ 1,153 ಮಂದಿ ಉಗ್ರರೋಗಿಗಳ ವೃತ್ತಾಂತವನ್ನು 2008ರಲ್ಲಿ ಹೊರತಂದರು. ಅವರಲ್ಲಿ ರೋಗವು ತಲೆದೋರಿದ ಸರಾಸರಿ ವಯಸ್ಸು ಸುಮಾರು 46.