ಉಸಿರು ಬೇಗ ಪಳಗುತ್ತದೆ, ಹಿಮ್ಮಡಿ ನಿಧಾನ

ನಿವೃತ್ತಿಯ ಆಸುಪಾಸಿನಲ್ಲಿ ಓಟ ಹಿಡಿದವರ ಮೊದಲೆರಡು ತಿಂಗಳು ಬಹಳ ಚೆನ್ನಾಗಿರುತ್ತವೆ. ಶುರುವಿನಲ್ಲಿ ಪಾರ್ಕಿನ ಒಂದು ಸುತ್ತಿಗೇ ಏದುಸಿರು ಬಿಡುತ್ತಿದ್ದವರು ಈಗ ಮೂರು ಸುತ್ತನ್ನು ಮಾತಾಡುತ್ತಲೇ ಮುಗಿಸುತ್ತಾರೆ. ಹೊಟ್ಟೆ ಇಳಿದಿದೆ, ರಾತ್ರಿ ನಿದ್ದೆ ಬರುತ್ತಿದೆ, ಶುಗರ್ ರಿಪೋರ್ಟ್ ನೋಡಿ ಡಾಕ್ಟರೂ ಖುಷಿಪಟ್ಟಿದ್ದಾರೆ. ಅದೇ ಉಮೇದಿನಲ್ಲಿ ದೂರ ಹೆಚ್ಚಿಸುತ್ತಾರೆ, ವೇಗ ಹೆಚ್ಚಿಸುತ್ತಾರೆ, ಯಾವುದಾದರೂ 10ಕೆ ಓಟಕ್ಕೆ ಹೆಸರನ್ನೂ ಕೊಡುತ್ತಾರೆ. ಮೂರನೇ ತಿಂಗಳ ಒಂದು ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಹಿಮ್ಮಡಿ ಊರಲಾಗುವುದಿಲ್ಲ. ಮನೆಯವರು ಇದಕ್ಕೇ ಕಾದಿದ್ದವರಂತೆ ಕೇಳುತ್ತಾರೆ: "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?"

ಬೇಕಿತ್ತು ಎಂಬುದೇ ನನ್ನ ಉತ್ತರ. ಆದರೆ ಈ ನೋವು ಯಾಕೆ ಬಂತು ಎನ್ನುವುದು ಗೊತ್ತಿರಬೇಕು, ಇಲ್ಲವಾದರೆ ಅದು ಮತ್ತೆ ಮತ್ತೆ ಬರುತ್ತದೆ.

ಓಟಕ್ಕೆ ದೇಹದ ಎಲ್ಲ ಭಾಗವೂ ಒಂದೇ ವೇಗದಲ್ಲಿ ಒಗ್ಗುವುದಿಲ್ಲ. ಹೃದಯ, ರಕ್ತ, ಉಸಿರಾಟ ಕೆಲವೇ ವಾರಗಳಲ್ಲಿ ಪಳಗುತ್ತವೆ. ಸ್ನಾಯುಗಳಿಗೆ ಇನ್ನಷ್ಟು ವಾರ ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗೆ ರಕ್ತದ ಹರಿವು ಕಡಿಮೆ, ಅದು ಗಟ್ಟಿಯಾಗಲು ತಿಂಗಳುಗಳು ಹಿಡಿಯುತ್ತವೆ. ಮೂಳೆಯ ರೀತಿಯೇ ಬೇರೆ. ಹೊಸ ಹೊರೆ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಕರಗಿಸಿಕೊಳ್ಳುತ್ತದೆ, ಆಮೇಲೆ ಮೂರು ನಾಲ್ಕು ತಿಂಗಳಲ್ಲಿ ಹೊಸದನ್ನು ಕಟ್ಟುತ್ತದೆ. ನಡುವಿನ ಅವಧಿಯಲ್ಲಿ ಅದು ಮೊದಲಿಗಿಂತ ಸ್ವಲ್ಪ ದುರ್ಬಲ. ಉಸಿರು "ಇನ್ನೂ ಎರಡು ಸುತ್ತು ಹೋಗೋಣ" ಎನ್ನುವ ಹೊತ್ತಿಗೆ ಕಾಲು ಅದಕ್ಕೆ ತಯಾರಾಗಿರುವುದಿಲ್ಲ. ಹಿರಿಯ ಓಟಗಾರರ ಗಾಯಗಳಲ್ಲಿ ಹೆಚ್ಚಿನವು ಈ ಅಂತರದಲ್ಲೇ ಹುಟ್ಟುತ್ತವೆ. ಇಪ್ಪತ್ತೈದರ ಹುಡುಗನಿಗೂ ಈ ಅಂತರ ಇದೆ, ಆದರೆ ಅವನು ತಪ್ಪು ಮಾಡಿದರೂ ಒಂದು ವಾರದಲ್ಲಿ ಎದ್ದು ಓಡುತ್ತಾನೆ. ನಮಗೆ ಆ ಸಲುಗೆ ಇಲ್ಲ.

ಆದ್ದರಿಂದ ಮೊದಲ ಪಾಠ ನಡಿಗೆ. ಅದಕ್ಕೂ ಮುಂಚೆ ಡಾಕ್ಟರ ಹತ್ತಿರ ಒಮ್ಮೆ ಹೋಗಿ ಬಿಪಿ, ಶುಗರ್, ಇಸಿಜಿ ನೋಡಿಸಿಕೊಳ್ಳಿ. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತಿದ್ದರೆ ಅದರ ಕಾರಣ ತಿಳಿಯುವವರೆಗೆ ಓಟದ ಮಾತೇ ಬೇಡ. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಅಂಗಾಲಿನ ಸ್ಪರ್ಶ ಕುಂದಿರಬಹುದು. ಓಡಿ ಬಂದು ಸಾಕ್ಸ್ ತೆಗೆದ ಕೂಡಲೇ ಪಾದವನ್ನು ಕಣ್ಣಿಂದ ನೋಡುವ ಅಭ್ಯಾಸ ಮಾಡಿಕೊಳ್ಳಿ, ಗುಳ್ಳೆ ಎದ್ದಿದ್ದು ನಿಮಗೆ ಗೊತ್ತೇ ಆಗಿರುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲೇಬೇಕು. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ನುಂಗುವವರು ಕೈಗಡಿಯಾರ ತೋರಿಸುವ ಹೃದಯಬಡಿತವನ್ನು ನಂಬಬೇಡಿ. ಆ ಮಾತ್ರೆಯ ಕೆಲಸವೇ ಬಡಿತವನ್ನು ತಗ್ಗಿಸುವುದು. ಪಕ್ಕದವರಿಗೆ ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿದ್ದರೆ ವೇಗ ಸರಿಯಾಗಿದೆ ಎಂದರ್ಥ, ಇದಕ್ಕಿಂತ ಒಳ್ಳೆಯ ಮೀಟರು ಹೊಸಬರಿಗೆ ಬೇಡ.

ಅರ್ಧ ಗಂಟೆ ಚುರುಕಾಗಿ ನಡೆಯಲು ಬಂದಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅದೇ ಅರ್ಧ ಗಂಟೆಯನ್ನು ತುಂಬಿಸಿ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನದ ಬಿಡುವು ಇರಲಿ. ಓಡುತ್ತ ಓಡುತ್ತ ನಡುವೆ ನಡೆಯುವುದು ಅವಮಾನ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. 1972ರ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಇದೇ ಓಟ-ನಡಿಗೆಯ ಪದ್ಧತಿಯನ್ನು ಸಾಮಾನ್ಯ ಜನರಿಗೆ ಕಲಿಸಿ ಹೆಸರಾದವರು. ಒಲಿಂಪಿಕ್ಸ್ ಓಡಿದವರಿಗಿಲ್ಲದ ಬಿಂಕ ನಮಗ್ಯಾಕೆ? ದೂರ ಹೆಚ್ಚಿಸುವ ವಾರ ವೇಗ ಹೆಚ್ಚಿಸಬೇಡಿ, ವೇಗ ಹೆಚ್ಚಿಸುವ ವಾರ ದೂರ ಬೇಡ. ಮೂರು ವಾರ ಏರಿಸಿದರೆ ನಾಲ್ಕನೇ ವಾರ ಇಳಿಸಿ.

ಇನ್ನು ನೆಲ. ನಮ್ಮ ಊರುಗಳ ಫುಟ್‌ಪಾತಿನ ಚಪ್ಪಡಿಗಳ ಮೇಲೆ ಓಡುವುದು ಸರ್ಕಸ್. ಎಡವಿ ಬಿದ್ದು ಮಣಿಕಟ್ಟು ಮುರಿದುಕೊಳ್ಳುವುದೂ ಓಟದ ಗಾಯವೇ. ಕಬ್ಬನ್ ಪಾರ್ಕಿನಂಥ ಕಡೆ ಮಣ್ಣಿನ ಹಾದಿ ಸಿಕ್ಕರೆ, ಬೆಳಕು ಹರಿದಮೇಲೆ ಅಲ್ಲಿ ಓಡಿ. ನಾಯಿಗಳ ವಿಚಾರ ನಿಮ್ಮ ಬಡಾವಣೆಗೆ ಬಿಟ್ಟಿದ್ದು.

ಈಗ ಗಾಯಗಳಿಗೆ ಬರೋಣ. ಎಳೆಯ ಓಟಗಾರರಿಗೆ ಮಂಡಿ ಹೆಚ್ಚು ಕಾಡಿದರೆ, ವಯಸ್ಸಾದವರಿಗೆ ಮೀನಖಂಡ ಮತ್ತು ಅದರ ಕೆಳಗಿನ ಅಕಿಲಿಸ್ ಟೆಂಡನ್ ಕಾಡುವುದು ಹೆಚ್ಚು. ವಯಸ್ಸಿನೊಂದಿಗೆ ಮೀನಖಂಡದ ಬಲ ಕುಗ್ಗುತ್ತದೆ, ಓಡುವಾಗ ಮಾತ್ರ ಪ್ರತಿ ಹೆಜ್ಜೆಗೂ ಮೈತೂಕದ ಹಲವು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಬೆಳಿಗ್ಗೆ ಹಿಮ್ಮಡಿಯ ಹಿಂದೆ ಬಿಗಿತ, ಹತ್ತು ಹೆಜ್ಜೆ ನಡೆದರೆ ಸಡಿಲ, ಓಡುವಾಗ ಮರೆತೇಹೋಗುವಷ್ಟು ಕಡಿಮೆ, ಮಾರನೇ ದಿನ ಎರಡರಷ್ಟು ನೋವು: ಇದು ಅಕಿಲಿಸ್ ನೋವಿನ ಲಕ್ಷಣ. ಪೂರ್ತಿ ವಿಶ್ರಾಂತಿ ತೆಗೆದುಕೊಂಡರೆ ನೋವು ಹೋಗುತ್ತದೆ, ಓಡಿದ ಮೊದಲ ವಾರವೇ ವಾಪಸ್ ಬರುತ್ತದೆ. ವಿಶ್ರಾಂತಿಯಲ್ಲಿ ಟೆಂಡನ್ ಇನ್ನಷ್ಟು ಸೊರಗುವುದೇ ಅದಕ್ಕೆ ಕಾರಣ.

ಸ್ವೀಡನ್ನಿನ ಮೂಳೆವೈದ್ಯ ಹೋಕನ್ ಆಲ್ಫ್ರೆಡ್ಸನ್ ಅವರದೊಂದು ಕತೆ ಈ ವಲಯದಲ್ಲಿ ಪ್ರಸಿದ್ಧ. ಅವರಿಗೇ ಈ ನೋವು ಬಂತು. ಆಪರೇಷನ್ ಮಾಡಿ ಎಂದರೆ ಮೇಲಿನವರು ಒಪ್ಪಲಿಲ್ಲ. ಹಾಗಾದರೆ ನೋವು ಆಪರೇಷನ್ ಮಾಡಲೇಬೇಕಾದ ಹಂತಕ್ಕೆ ಹೋಗಲಿ ಎಂದು ಹಿಮ್ಮಡಿಯ ಮೇಲೆ ಭಾರ ಹಾಕುವ ವ್ಯಾಯಾಮ ಹಿಡಿದರು. ನೋವು ಹೆಚ್ಚುವ ಬದಲು ವಾಸಿಯಾಯಿತು. 1998ರಲ್ಲಿ ಅವರ ತಂಡ ಅದನ್ನು 15 ಹವ್ಯಾಸಿ ಓಟಗಾರರ ಮೇಲೆ ಪರೀಕ್ಷಿಸಿ ಪ್ರಕಟಿಸಿತು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು, ಎರಡೂ ಕಾಲಿನಿಂದ ಹಿಮ್ಮಡಿ ಎತ್ತಿ, ಭಾರವನ್ನೆಲ್ಲ ನೋವಿರುವ ಕಾಲಿಗೆ ಹಾಕಿ, ನಿಧಾನವಾಗಿ ಕೆಳಗಿಳಿಸುವುದು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಬಾಗಿಸಿ ಮತ್ತೆ ಮೂರು ಸಲ, ದಿನಕ್ಕೆರಡು ಹೊತ್ತು, 12 ವಾರ. ಭಾರ ಹೊತ್ತು ನಿಧಾನವಾಗಿ ಮಾಡುವುದಾದರೆ ವಾರಕ್ಕೆ ಮೂರೇ ದಿನ ಮಾಡಿದರೂ ಫಲ ಹೆಚ್ಚುಕಡಿಮೆ ಅಷ್ಟೇ ಎಂದು ಆಮೇಲೆ ಡೆನ್ಮಾರ್ಕಿನವರು ತೋರಿಸಿದರು. ನಮ್ಮವರಿಗೆ ಇದೇ ವಾಸಿ ಎನಿಸುತ್ತದೆ, ದಿನಕ್ಕೆರಡು ಹೊತ್ತಿನ ವ್ರತವನ್ನು ಮೂರು ತಿಂಗಳು ನಡೆಸುವವರು ಅಪರೂಪ. ಒಂದು ಎಚ್ಚರಿಕೆ: ನೋವು ಹಿಮ್ಮಡಿಯ ಮೂಳೆಗೆ ಟೆಂಡನ್ ಸೇರುವ ಜಾಗದಲ್ಲೇ ಇದ್ದರೆ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗಿಳಿಸಬಾರದು, ಸಮನೆಲದಲ್ಲಿ ಮಾಡಬೇಕು.

ಇಲ್ಲಿಯೇ ಮಾತ್ರೆಗಳ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದು ಬಹಳ ಜನರಿಗೆ ಗೊತ್ತಿಲ್ಲ. ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್‌ಗಳು ಟೆಂಡನ್‌ಗೆ ಹಾನಿ ಮಾಡಬಲ್ಲವು, ಕೆಲವೊಮ್ಮೆ ಅದು ಹರಿದೇ ಹೋಗುತ್ತದೆ. 60 ದಾಟಿದವರಿಗೆ, ಅದರಲ್ಲೂ ಜೊತೆಗೆ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಈ ಬಗ್ಗೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿದ್ದಾರೆ. ಹೊಟ್ಟೆ ಕೆಟ್ಟಿತೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಮಾತ್ರೆಗಳಲ್ಲಿ ಇವೂ ಇರುತ್ತವೆ. ಬರೆದುಕೊಡುವ ಡಾಕ್ಟರಿಗೆ "ನಾನು ಓಡುತ್ತೇನೆ" ಎಂದು ಹೇಳಿ. ಓಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗುವುದಂತೂ ಬೇಡವೇ ಬೇಡ. ಮೈ ಕೊಡುವ ಸೂಚನೆ ಮುಚ್ಚಿಹೋಗುತ್ತದೆ, ನೀರು ಕಡಿಮೆಯಾದ ಹೊತ್ತಿನಲ್ಲಿ ಕಿಡ್ನಿಗೂ ಹೊಡೆತ. ಅಕಿಲಿಸ್‌ಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡು ಬೇಗ ಓಡುವ ಆಸೆಯೂ ಒಳ್ಳೆಯದಲ್ಲ.

ಮಂಡಿಯ ಬಗ್ಗೆ ಭಯವೇ ಹೆಚ್ಚು. ಓಡಿದಷ್ಟೂ ಸವೆಯಲು ಅದೇನು ಬಸ್ಸಿನ ಟಯರಲ್ಲ. ಅದು ಜೀವಂತ ಅಂಗ, ಹದವಾದ ಹೊರೆ ಅದಕ್ಕೆ ಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು 1984ರಲ್ಲಿ 50 ದಾಟಿದ ಓಟಗಾರರನ್ನೂ ಓಡದವರನ್ನೂ ಆರಿಸಿಕೊಂಡು ಎರಡು ದಶಕ ಗಮನಿಸಿದರು. 19 ವರ್ಷದ ಹೊತ್ತಿಗೆ ಓಟಗಾರರಲ್ಲಿ ಶೇ. 15, ಓಡದವರಲ್ಲಿ ಶೇ. 34 ಮಂದಿ ತೀರಿಕೊಂಡಿದ್ದರು. ನಿತ್ಯದ ಕೆಲಸಕ್ಕೆ ಇನ್ನೊಬ್ಬರ ನೆರವು ಬೇಕಾಗುವ ಸ್ಥಿತಿಯೂ ಓಟಗಾರರಿಗೆ ಎಷ್ಟೋ ವರ್ಷ ತಡವಾಗಿ ಬಂತು. ಅವರಲ್ಲಿ ಕೆಲವರ ಮಂಡಿಯ ಎಕ್ಸ್‌-ರೇ ನೋಡಿದಾಗ ಓಟದಿಂದ ಸವೆತ ಹೆಚ್ಚಾದದ್ದು ಕಾಣಲಿಲ್ಲ. ಆರೋಗ್ಯವಂತರೇ ಓಟಕ್ಕೆ ಬರುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ, ಆದರೂ ಓಟ ಮಂಡಿಯನ್ನು ತಿಂದುಹಾಕುತ್ತದೆ ಎನ್ನುವವರ ಕಡೆಗೆ ಪುರಾವೆ ಇಲ್ಲ. ಈಗಾಗಲೇ ಮಂಡಿ ಊದಿಕೊಳ್ಳುತ್ತಿದ್ದರೆ ಮಾತು ಬೇರೆ. ಊತ ಇಳಿಯುವವರೆಗೆ ಸೈಕಲ್, ಈಜು. ಜೊತೆಗೆ ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೆ ಬಲ.

ಅಂಗಾಲಿನ ನೋವಿಗೂ ಅಕಿಲಿಸ್‌ನಂತೆಯೇ ತಾಳ್ಮೆ ಮದ್ದು. ಮನೆಯೊಳಗೆ ಬರಿಗಾಲಲ್ಲಿ ಗ್ರಾನೈಟ್ ನೆಲದ ಮೇಲೆ ಓಡಾಡುವುದನ್ನು ಕೆಲ ತಿಂಗಳು ಬಿಟ್ಟು ಮೆತ್ತನೆಯ ಚಪ್ಪಲಿ ಹಾಕಿ.

ಎಷ್ಟು ನೋವನ್ನು ಸಹಿಸಬಹುದು? ಸ್ವೀಡನ್ನಿನ ಇನ್ನೊಂದು ತಂಡ ಅಕಿಲಿಸ್ ನೋವಿನವರಿಂದ ನೋವಿಗೆ ಹತ್ತಕ್ಕೆ ಅಂಕ ಹಾಕಿಸಿ, ಆ ಲೆಕ್ಕದಲ್ಲಿ ಓಡಲು ಬಿಟ್ಟು ನೋಡಿತು. ವ್ಯಾಯಾಮದ ಜೊತೆಗೆ ಓಡಿದವರೂ ಓಟ ನಿಲ್ಲಿಸಿದವರಷ್ಟೇ ಚೆನ್ನಾಗಿ ಸುಧಾರಿಸಿದರು. ಅವರು ಹತ್ತರಲ್ಲಿ ಐದರವರೆಗೆ ಒಪ್ಪಿದರು, ಹೊಸಬರಿಗೆ ನಾನು ಮೂರಕ್ಕೇ ಗೆರೆ ಎಳೆಯುತ್ತೇನೆ. ಅದಕ್ಕಿಂತ ಮುಖ್ಯ ಮಾರನೇ ಬೆಳಗಿನ ಸ್ಥಿತಿ. ನಿನ್ನೆಗಿಂತ ಹೆಚ್ಚು ನೋಯುತ್ತಿದ್ದರೆ ನಿನ್ನೆಯ ಓಟ ಹೆಚ್ಚಾಯಿತು, ಅಷ್ಟೇ.

ಈ ಲೆಕ್ಕ ಎಲ್ಲ ನೋವಿಗೂ ಅಲ್ಲ. ಮಂಡಿ ಕೆಳಗಿನ ಮೂಳೆಯಲ್ಲೋ ಪಾದದಲ್ಲೋ ಒಂದೇ ಬಿಂದುವನ್ನು ಬೆರಳಲ್ಲಿ ಒತ್ತಿದರೆ ಜೀವ ಹೋದಂತಾಗುವುದು, ತೊಡೆಸಂದಿನ ಆಳದ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು, ಇವು ಮೂಳೆಯ ಬಿರುಕಿರಬಹುದು. ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಿ ಮೂಳೆ ಟೊಳ್ಳಾಗಿರುವ ಸಂಭವ ಹೆಚ್ಚು, ಮೊದಲ ಎಕ್ಸ್‌-ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಒಂದೇ ಮೀನಖಂಡ ಊದಿ ಬಿಸಿಯಾದರೆ ರಕ್ತ ಹೆಪ್ಪುಗಟ್ಟಿರಬಹುದು. ಇಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಗಾಯದ ನಡುವೆ ಧೈರ್ಯ ಬೇಕಾದವರಿಗೆ ನಾನು ಹೇಳುವ ಹೆಸರು ಎಡ್ ವಿಟ್ಲಾಕ್. ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದ ಗಣಿ ಎಂಜಿನಿಯರು. ಮನೆಯ ಹತ್ತಿರದ ಸ್ಮಶಾನದ ಹಾದಿಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಸುತ್ತುತ್ತಿದ್ದರು. 70ರ ವಯಸ್ಸಿನಲ್ಲಿ ಮ್ಯಾರಥಾನಿನ 42.195 ಕಿಲೋಮೀಟರನ್ನು ಮೂರು ಗಂಟೆಯೊಳಗೆ ಮುಗಿಸಲು ಹೋಗಿ ಕೂದಲೆಳೆಯಲ್ಲಿ ಗುರಿ ತಪ್ಪಿದರು. ಆಮೇಲೆ ಮಂಡಿ ಕೈಕೊಟ್ಟು ಓಟಕ್ಕೆ ದೀರ್ಘ ಬಿಡುವು. ಜಗಳವಾಡದೆ ಕಾದರು, ಮತ್ತೆ ಸೊನ್ನೆಯಿಂದ ಕಟ್ಟಿದರು. 2003ರಲ್ಲಿ, 72ರ ವಯಸ್ಸಿನಲ್ಲಿ, 2 ಗಂಟೆ 59 ನಿಮಿಷ 10 ಸೆಕೆಂಡಿಗೆ ಮುಗಿಸಿದರು. 70 ದಾಟಿದವರೊಬ್ಬರು ಮೂರು ಗಂಟೆಯೊಳಗೆ ಮ್ಯಾರಥಾನ್ ಓಡಿದ್ದು ಅದೇ ಮೊದಲು. ಮರುವರ್ಷ ಇನ್ನೂ ನಾಲ್ಕು ನಿಮಿಷ ಇಳಿಸಿದರು. ನಮ್ಮ ಪಂಜಾಬಿನಲ್ಲಿ ಹುಟ್ಟಿದ ಫೌಜಾ ಸಿಂಗ್ ಮ್ಯಾರಥಾನಿಗೆ ಬಂದದ್ದೇ ಎಂಬತ್ತು ದಾಟಿದಮೇಲೆ. ಅವರು ಬೆರಗಿಗೆ ಒಳ್ಳೆಯ ಉದಾಹರಣೆ. ಗಾಯ ಮತ್ತು ಕಾಯುವಿಕೆಯ ಪಾಠಕ್ಕೆ ನನ್ನ ಮತ ವಿಟ್ಲಾಕ್‌ಗೇ.

ನೀವು ಮರಳಿ ಬರುವಾಗ ಬಿಟ್ಟ ಜಾಗದಿಂದ ಶುರು ಮಾಡಬೇಡಿ. ನೋವಿಲ್ಲದೆ ಅರ್ಧ ಗಂಟೆ ನಡೆಯಿರಿ. ಗೋಡೆ ಹಿಡಿದು ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸಿ ಎಣಿಸಿ. ಇಪ್ಪತ್ತರ ಹತ್ತಿರ ಬಂದರೆ, ಎರಡೂ ಕಾಲಿನ ಲೆಕ್ಕ ಹೆಚ್ಚುಕಡಿಮೆ ಸಮನಿದ್ದರೆ, ಮತ್ತೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಒಂದು ಹಂಗಾಮು ತಪ್ಪಿಹೋಯಿತೆಂದು ಕೊರಗುವುದೂ ಬೇಡ. ಹಿರಿಯರ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಮೇಲಕ್ಕೆ ಐದೈದು ವರ್ಷಕ್ಕೊಂದು ಗುಂಪು, 60 ತುಂಬಿದ ದಿನ ನೀವು ಹೊಸ ಗುಂಪಿನ ಅತಿ ಕಿರಿಯರು.